ಕೆನಡಾದಲ್ಲಿ ಹೆಲ್ತ್ ರೆಕಾರ್ಡ್ಸ್ ಕೆಲಸ: ಡಾಕ್ಟರ್ ಆಗಿದ್ದವರು ಸೇರಬಹುದಾ?

ಪ್ರಶ್ನೆ: ನಮಸ್ಕಾರ ಮೇಡಂ. ಎಂಬಿಬಿಎಸ್ ಮುಗಿಸಿ ಆರು ವರ್ಷ ಪ್ರಾಕ್ಟೀಸ್ ಮಾಡಿದ್ದೇನೆ. ಒಂಟಾರಿಯೊಗೆ ಬಂದು ಒಂದು ವರ್ಷವಾಯಿತು. ಮಗು ಚಿಕ್ಕದು, ಲೈಸೆನ್ಸ್ ಪರೀಕ್ಷೆ, ರೆಸಿಡೆನ್ಸಿ (ಡಾಕ್ಟರ್‌ಗಳ ಆಸ್ಪತ್ರೆ ತರಬೇತಿ) ಅಂತ ವರ್ಷಗಟ್ಟಲೆ ಕಾಯಲು ಆಗುವುದಿಲ್ಲ. ಹೆಲ್ತ್ ಇನ್‌ಫರ್ಮೇಷನ್ ಮ್ಯಾನೇಜ್‌ಮೆಂಟ್ ನೋಡು ಅಂದರು ಪರಿಚಯದವರು. ನೀವು ಆಸ್ಪತ್ರೆಯಲ್ಲಿ ಕೋಡಿಂಗ್, ಅಂದರೆ ರೋಗಿಯ ಫೈಲ್ ಓದಿ ಕಾಯಿಲೆ, ಚಿಕಿತ್ಸೆಗೆ ಕೋಡ್ ಹಾಕುವ ಕೆಲಸ, ಮಾಡುತ್ತೀರಿ ಅಲ್ವಾ? ಓದಿದ್ದೆಲ್ಲ ಬಿಟ್ಟು ಸುಮ್ನೆ ಟೈಪಿಂಗ್‌ಗೆ ಕೂತ ಹಾಗಾಗುತ್ತದಾ?

ಉತ್ತರ: ಖಂಡಿತ ಇಲ್ಲ. ಒಂದು ಫೈಲ್ ಹೇಗಿರುತ್ತದೆ ಅಂತ ಹೇಳುತ್ತೇನೆ. ವಯಸ್ಸಾದವರೊಬ್ಬರು ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡು ಬರುತ್ತಾರೆ. ಆಪರೇಷನ್ ಆಗುತ್ತದೆ. ನಾಲ್ಕನೇ ದಿನ ನ್ಯುಮೋನಿಯಾ. ನಾವು ಮೂಳೆ ಮುರಿತವನ್ನು ಮುಖ್ಯ ಕಾರಣ ಅಂತ ಟೈಪ್ ಎಂ ಅನ್ನುವ ಗುರುತು ಹಾಕುತ್ತೇವೆ. ಬಿದ್ದದ್ದು ಹೊರಗಿನ ಕಾರಣ, ಅದಕ್ಕೆ ಟೈಪ್ 9. ನ್ಯುಮೋನಿಯಾ ಅಡ್ಮಿಟ್ ಆದ ಮೇಲೆ ಬಂದದ್ದು, ಹಾಗಾಗಿ ಟೈಪ್ 2. ಅಲ್ಲಿ 1 ಹಾಕಿಬಿಟ್ಟರೆ, ಆಸ್ಪತ್ರೆಯಲ್ಲಿ ಶುರುವಾದ ಕಾಯಿಲೆ ಮನೆಯಿಂದಲೇ ತಂದದ್ದು ಅಂತ ದಾಖಲಾಗುತ್ತದೆ. ಕಾಯಿಲೆಗೆ ಐಸಿಡಿ-10-ಸಿಎ, ಆಪರೇಷನ್‌ಗೆ ಸಿಸಿಐ ಅನ್ನುವ ಕೆನಡಾದ ಕೋಡ್ ಪಟ್ಟಿ ಬಳಸುತ್ತೇವೆ. ಕ್ವಿಬೆಕ್ ಬಿಟ್ಟು ಬೇರೆಲ್ಲ ಪ್ರಾಂತ್ಯಗಳ ಆಸ್ಪತ್ರೆಗಳ ಇಂಥ ಮಾಹಿತಿ ಕೆನಡಿಯನ್ ಇನ್‌ಸ್ಟಿಟ್ಯೂಟ್ ಫಾರ್ ಹೆಲ್ತ್ ಇನ್‌ಫರ್ಮೇಷನ್‌ನ ಡಿಸ್ಚಾರ್ಜ್ ಡೇಟಾಬೇಸ್‌ಗೆ ಹೋಗುತ್ತದೆ. ಆಸ್ಪತ್ರೆಗಳನ್ನು ಹೋಲಿಸಿ ನೋಡುವುದು ಈ ಮಾಹಿತಿಯಿಂದಲೇ.

ನಿಮ್ಮ ಓದು ಇಲ್ಲಿ ದಿನವೂ ಬೇಕಾಗುತ್ತದೆ. ಆದರೆ ಡಾಕ್ಟರ್‌ಗಳು ಎಡವುವ ಜಾಗವೂ ಅದೇ. ಲ್ಯಾಬ್ ರಿಪೋರ್ಟಿನಲ್ಲಿ ಪೊಟ್ಯಾಸಿಯಂ 2.8, ಅಂದರೆ ತುಂಬಾ ಕಡಿಮೆ ಇದೆ ಅಂದುಕೊಳ್ಳಿ. ಅದೇನು ಅಂತ ನಿಮಗೆ ನೋಡಿದ ಕೂಡಲೇ ಗೊತ್ತಾಗುತ್ತದೆ. ಚಿಕಿತ್ಸೆ ಕೊಟ್ಟವರು ಅದನ್ನು ಬರೆದಿಲ್ಲವೆಂದರೆ ನೀವು ಕೋಡ್ ಹಾಕುವಂತಿಲ್ಲ. ಅವರನ್ನೇ ಕೇಳಬೇಕು. ನಾನು ನರ್ಸ್ ಆಗಿದ್ದವಳು, ಮೊದಲ ಆರು ತಿಂಗಳು ಇದೊಂದೇ ನನಗೆ ತುಂಬಾ ಕಷ್ಟವಾಗಿತ್ತು.

ಪ್ರಶ್ನೆ: ಹಾಗಾದರೆ ನೇರವಾಗಿ ಪರೀಕ್ಷೆ ಬರೆಯಬಹುದಾ? ಮೂರು ತಿಂಗಳ ಆನ್‌ಲೈನ್ ಕೋರ್ಸ್ ಒಂದಕ್ಕೆ ದುಡ್ಡು ಕಟ್ಟಬೇಕು ಅಂತಿದ್ದೆ.

ಉತ್ತರ: ದಯವಿಟ್ಟು ಈಗಲೇ ಕಟ್ಟಬೇಡಿ. ಆಸ್ಪತ್ರೆಗಳು ಸಾಮಾನ್ಯವಾಗಿ ಕೇಳುವುದು ಸಿಎಚ್‌ಐಎಂ (ಸರ್ಟಿಫೈಡ್ ಇನ್ ಹೆಲ್ತ್ ಇನ್‌ಫರ್ಮೇಷನ್ ಮ್ಯಾನೇಜ್‌ಮೆಂಟ್) ಅನ್ನುವ ಅರ್ಹತೆ. ಅದಕ್ಕೆ ರಾಷ್ಟ್ರಮಟ್ಟದ ಪರೀಕ್ಷೆ ಇದೆ. ನಿಮ್ಮಂಥವರಿಗೆ ಮಾಮೂಲಿ ದಾರಿ ಅಂದರೆ ಮಾನ್ಯತೆ ಇರುವ ಡಿಪ್ಲೊಮಾ ಅಥವಾ ಡಿಗ್ರಿ ಮುಗಿಸಿ ಅದನ್ನು ಬರೆಯುವುದು. ಕೆನಡಿಯನ್ ಹೆಲ್ತ್ ಇನ್‌ಫರ್ಮೇಷನ್ ಮ್ಯಾನೇಜ್‌ಮೆಂಟ್ ಅಸೋಸಿಯೇಷನ್ ವೆಬ್‌ಸೈಟಿನಲ್ಲಿ ಪಟ್ಟಿ ಇದೆ. ನೀವು ನೋಡಿದ ಕೋರ್ಸ್ ಅದರಲ್ಲಿ ಇದೆಯಾ ಮೊದಲು ನೋಡಿ. ನನ್ನ ಜೊತೆಗಾರ್ತಿಯೊಬ್ಬಳು ಹೀಗೆ ಕಟ್ಟಿ, ಸರ್ಟಿಫಿಕೇಟ್ ಕೈಗೆ ಬಂದ ಮೇಲೆ ಅದರಿಂದ ಪರೀಕ್ಷೆಗೆ ಕೂರಲಾಗದು ಅಂತ ತಿಳಿದು ಅತ್ತಿದ್ದಳು. ಮನೆಯಿಂದಲೇ ಓದಬಹುದಾದ ಮಾನ್ಯ ಕೋರ್ಸ್‌ಗಳೂ ಇವೆ, ಮಗು ಇರುವವರಿಗೆ ಅನುಕೂಲ. ಸೇರುವಾಗ ಅಂಗರಚನೆಯಂಥ ವಿಷಯಗಳಿಗೆ ವಿನಾಯಿತಿ ಕೇಳಿ ನೋಡಿ. ಕೇಳುವುದರಲ್ಲಿ ತಪ್ಪೇನಿಲ್ಲ.

ಇನ್ನೊಬ್ಬರ ಪ್ರಶ್ನೆ: ಅಕ್ಕ, ನಾನು ಬೆಂಗಳೂರಿನಲ್ಲಿ ಐದು ವರ್ಷ ಅಮೆರಿಕದ ಮೆಡಿಕಲ್ ಕೋಡಿಂಗ್ ಮಾಡಿದ್ದೇನೆ. ಸಿಪಿಸಿ ಅನ್ನುವ ಅಮೆರಿಕದ ಕೋಡಿಂಗ್ ಸರ್ಟಿಫಿಕೇಟ್ ಇದೆ. ಇಲ್ಲಿ ನಡೆಯುತ್ತದಾ?

ಉತ್ತರ: ಅನುಭವ ವ್ಯರ್ಥ ಅಲ್ಲ, ಆದರೆ ಸಿಪಿಸಿ ಸಿಎಚ್‌ಐಎಂಗೆ ಸಮ ಅಲ್ಲ. ಅಲ್ಲಿ ನೀವು ಬಳಸಿದ್ದು ಐಸಿಡಿ-10-ಸಿಎಂ ಮತ್ತು ಸಿಪಿಟಿ ಅನ್ನುವ ಅಮೆರಿಕದ ಕೋಡ್ ಪಟ್ಟಿಗಳು, ಹೆಚ್ಚಾಗಿ ಬಿಲ್ ಮಾಡುವುದಕ್ಕಾಗಿ. ಇಲ್ಲಿ ಡಾಕ್ಟರ್‌ಗಳು ಪ್ರಾಂತ್ಯದ ವಿಮೆಗೆ ಬೇರೆಯದೇ ಕೋಡ್‌ಗಳಲ್ಲಿ ಬಿಲ್ ಕಳಿಸುತ್ತಾರೆ. ರೋಗಿಯ ಚಾರ್ಟ್ ಬೇಗ ಓದುವ ಅಭ್ಯಾಸ ಮಾತ್ರ ನಿಮಗೆ ತುಂಬಾ ಸಹಾಯಕ್ಕೆ ಬರುತ್ತದೆ.

ಪ್ರಶ್ನೆ: ಮೇಡಂ, ಮತ್ತೆ ನಾನೇ. ಓದುವಾಗಲೇ ಏನಾದರೂ ಕೆಲಸ ಸಿಗುತ್ತದಾ?

ಉತ್ತರ: ರಿಜಿಸ್ಟ್ರೇಷನ್ ಡೆಸ್ಕ್, ರೆಕಾರ್ಡ್ಸ್ ಕ್ಲರ್ಕ್ ಕೆಲಸಕ್ಕೆ ಅರ್ಜಿ ಹಾಕಿ. ಚಿಕ್ಕದು ಅನಿಸಬಹುದು. ಆದರೆ ಒಳಗಿರುವವರಿಗೆ ಮುಂದಿನ ಹುದ್ದೆ ಮೊದಲೇ ಗೊತ್ತಾಗುತ್ತದೆ. ಮನೆಯಿಂದ ಕೋಡಿಂಗ್ ಮಾಡುವ ಕೆಲಸ ಅನುಭವ ಆದವರಿಗೇ ಹೆಚ್ಚು ಸಿಗುವುದು, ಅದನ್ನು ನಂಬಿ ಶುರು ಮಾಡಬೇಡಿ. ಒಳಗೆ ಸೇರಿದ ಮೇಲೆ ಒಂದು ಎಚ್ಚರ: ಒಂಟಾರಿಯೊದಲ್ಲಿ 2004ರ ಆರೋಗ್ಯ ಮಾಹಿತಿ ರಕ್ಷಣೆ ಕಾನೂನು ಇದೆ. ಪರಿಚಯದವರು ಹೇಗಿದ್ದಾರೆ ಅಂತ ಕಾಳಜಿಯಿಂದ ಅವರ ಚಾರ್ಟ್ ತೆರೆದರೂ ತಪ್ಪು. ಕೆಲಸವೇ ಹೋಗಬಹುದು.

ಕಾಲೇಜಿಗೆ ಫೋನ್ ಮಾಡಿದಾಗ ಇನ್ನೊಂದು ಕೇಳಿ: ಪ್ರಾಕ್ಟಿಕಮ್‌ಗೆ (ಓದಿನ ಭಾಗವಾಗಿ ಕೆಲಸದ ಜಾಗದಲ್ಲಿ ಮಾಡುವ ತರಬೇತಿ) ಆಸ್ಪತ್ರೆಯನ್ನು ಅವರೇ ಗೊತ್ತು ಮಾಡಿಕೊಡುತ್ತಾರಾ, ನೀವೇ ಹುಡುಕಬೇಕಾ? ನನ್ನನ್ನು ಮೊದಲು ಕೆಲಸಕ್ಕೆ ಕರೆದದ್ದು ಪ್ರಾಕ್ಟಿಕಮ್ ಮಾಡಿದ ಆಸ್ಪತ್ರೆಯೇ.