ಹದಿನಾಲ್ಕು ಮರಿ ಹಾಕಿದ ಹಂದಿಯ ಹೆಣ್ಣುಮರಿಗಳು ಎಂಟಕ್ಕೇ ನಿಂತದ್ದು ಏಕೆ?

ಪ್ರಶ್ನೆ (ಹಂದಿ ಸಾಕಣೆದಾರ, ದೊಡ್ಡಬಳ್ಳಾಪುರ)

ಎಲ್ಲರಿಗೂ ನಮಸ್ಕಾರ. ನಮ್ಮಲ್ಲಿ ಲಾರ್ಜ್ ವೈಟ್ ಯಾರ್ಕ್‌ಷೈರ್ ತಳಿಯ ಹನ್ನೊಂದು ತಾಯಿ ಹಂದಿಗಳಿವೆ. ಸೂಲೊಂದಕ್ಕೆ ಸರಾಸರಿ 9 ಮರಿ ಹಾಕುತ್ತವೆ. ಅವುಗಳಲ್ಲಿ ಒಂದು ತನ್ನ ಮೂರನೆಯ ಸೂಲಿನಲ್ಲಿ 14 ಮರಿ ಹಾಕಿದಾಗ, ತಾಯಿಯ ಗುಣ ಬಂದೇ ಬರುತ್ತದೆ ಎಂಬ ನಂಬಿಕೆಯಿಂದ ಆ ಸೂಲಿನ ಎರಡು ಹೆಣ್ಣುಮರಿಗಳನ್ನು ಮಾರದೆ ಉಳಿಸಿಕೊಂಡೆ. ಬೆದೆಗೆ ಬಂದಾಗ ಹೊರಗಿನಿಂದ ಗಂಡು ತರುವ ಅನುಕೂಲವಿರಲಿಲ್ಲವಾದ್ದರಿಂದ ಕೊಟ್ಟಿಗೆಯಲ್ಲಿದ್ದ ಹಳೆಯ ಗಂಡನ್ನೇ ಬಿಟ್ಟೆ. ಮೊದಲ ಸೂಲಿನಲ್ಲಿ ಒಂದು 8, ಇನ್ನೊಂದು 7 ಮರಿ ಹಾಕಿತು. ಏಳರಲ್ಲಿ ಒಂದು ಸತ್ತೇ ಹುಟ್ಟಿತು. ಆಹಾರ, ಲಸಿಕೆ ಯಾವುದರಲ್ಲೂ ಕೊರತೆ ಮಾಡಿಲ್ಲ. ಮರಿಗಳ ಸಂಖ್ಯೆ ವಂಶದಿಂದ ಬರುವ ಗುಣವಲ್ಲವೇ? 'ಹೆಚ್ಚು ಮರಿಯ ಜೀನ್' ಪರೀಕ್ಷೆ ಮಾಡಿಸಿ ಹಂದಿಗಳನ್ನು ಆರಿಸಬಹುದು ಎಂದು ಪರಿಚಯದವರೊಬ್ಬರು ಹೇಳುತ್ತಾರೆ. ಅದಕ್ಕೆ ಹಣ ಹಾಕಬಹುದೇ?

ಉತ್ತರ 1 (ಪಶು ತಳಿವಿಜ್ಞಾನ ಅಧ್ಯಾಪಕ)

ಬರುತ್ತದೆ, ಆದರೆ ತೀರಾ ಕಡಿಮೆ. ಹಂದಿಯ ಬೆನ್ನಿನ ಕೊಬ್ಬಿನ ದಪ್ಪದಂತಹ ಗುಣಗಳಲ್ಲಿ ಕಾಣುವ ವ್ಯತ್ಯಾಸದ ಅರ್ಧದಷ್ಟು ಭಾಗ ಅನುವಂಶೀಯವಾಗಿದ್ದರೆ, ಸೂಲಿನ ಮರಿಗಳ ಸಂಖ್ಯೆಯಲ್ಲಿ ಅದು ಸುಮಾರು ಶೇ. 10 ಮಾತ್ರ. ನಿಮ್ಮ ಲೆಕ್ಕವನ್ನೇ ನೋಡೋಣ. ನಿಮ್ಮ ಹಂದಿ ಸರಾಸರಿಗಿಂತ 5 ಮರಿ ಹೆಚ್ಚು ಹಾಕಿದೆ. ಅದರಲ್ಲಿ ವಂಶದ ಪಾಲು ಅರ್ಧ ಮರಿ, ಆ ಅರ್ಧದಲ್ಲಿ ಮಗಳಿಗೆ ಸಿಗುವುದು ಮತ್ತೆ ಅರ್ಧ, ಅಂದರೆ ಕಾಲು ಮರಿ. ಮೊದಲ ಸೂಲು ಹೇಗೂ ಮುಂದಿನ ಸೂಲುಗಳಿಗಿಂತ ಚಿಕ್ಕದಿರುವುದರಿಂದ ಆ ಕಾಲು ಮರಿ ಕಣ್ಣಿಗೆ ಬೀಳುವುದೇ ಇಲ್ಲ.

ಇನ್ನೊಂದು ಸಂಗತಿಯನ್ನು ನಮ್ಮ ಸಾಕಣೆದಾರರು ಗಮನಿಸುವುದು ಕಡಿಮೆ. ಹದಿನಾಲ್ಕು ಮರಿಗಳ ನಡುವೆ ಹಾಲಿಗಾಗಿ ಗುದ್ದಾಡಿ ಬೆಳೆದ ಹೆಣ್ಣುಮರಿ ಚಿಕ್ಕ ಗಾತ್ರದಲ್ಲೇ ಉಳಿದು, ದೊಡ್ಡದಾದಾಗ ತಾನು ಕಡಿಮೆ ಮರಿ ಹಾಕುವ ಸಾಧ್ಯತೆಯಿದೆ. ಹೀಗೆ ತಾಯಿಯಿಂದ ಬಂದ ಒಳ್ಳೆಯ ವಂಶವಾಹಿಯನ್ನು ಅದೇ ತಾಯಿಯ ತುಂಬಿದ ಮಡಿಲು ಮರೆಮಾಡುತ್ತದೆ. ತಳಿಗೆಂದು ಉಳಿಸಿಕೊಳ್ಳುವ ಮರಿಗಳಿದ್ದರೆ, ಗಿಣ್ಣುಹಾಲು ಕುಡಿಸಿದ ಮೇಲೆ ಒಂದೆರಡು ದಿನದೊಳಗೆ ಹೆಚ್ಚುವರಿ ಮರಿಗಳನ್ನು ಕಡಿಮೆ ಮರಿಯಿರುವ ಬೇರೆ ತಾಯಿಗೆ ಬಿಡಿ.

ಜೀನ್ ಪರೀಕ್ಷೆಯ ಬಗ್ಗೆ: 1996ರಲ್ಲಿ ಅಮೆರಿಕದ ಅಯೋವಾದ ಮ್ಯಾಕ್ಸ್ ರಾತ್‌ಚೈಲ್ಡ್ ಮತ್ತು ಸಂಗಡಿಗರು, ಚೀನಾದ ಮೈಷಾನ್ ತಳಿಯ ರಕ್ತವಿದ್ದ ಹಂದಿಗಳಲ್ಲಿ ಈಸ್ಟ್ರೋಜೆನ್ ಎಂಬ ಹೆಣ್ಣು ಹಾರ್ಮೋನನ್ನು ಜೀವಕೋಶದಲ್ಲಿ ಹಿಡಿದುಕೊಳ್ಳುವ ಗ್ರಾಹಿಯ ವಂಶವಾಹಿಗೂ ಮರಿಗಳ ಸಂಖ್ಯೆಗೂ ನಂಟಿರುವುದನ್ನು ತೋರಿಸಿದರು. ಬೇರೆ ಬೇರೆ ಹಿಂಡುಗಳಲ್ಲಿ ನೋಡಿದಾಗ ಆ ಪರಿಣಾಮ ಒಂದೇ ಸಮನಾಗಿ ಸಿಗಲಿಲ್ಲ. ಎಷ್ಟು ಅಂಡಗಳು ಬಿಡುಗಡೆಯಾಗುತ್ತವೆ, ಎಷ್ಟು ಭ್ರೂಣಗಳು ಉಳಿಯುತ್ತವೆ, ಗರ್ಭಕೋಶ ಎಷ್ಟನ್ನು ಹೊರಬಲ್ಲದು ಎಂಬುದನ್ನೆಲ್ಲ ಅಲ್ಪ ಪರಿಣಾಮದ ನೂರಾರು ವಂಶವಾಹಿಗಳು ಸೇರಿ ನಿರ್ಧರಿಸುವಾಗ ಒಂದೇ ಜೀನ್ ನೋಡಿ ಹಂದಿ ಆರಿಸುವುದು ಸರಿಯಲ್ಲ. ದಯವಿಟ್ಟು ಆ ಹಣ ಉಳಿಸಿ.

ಉತ್ತರ 2 (ಪಶುವೈದ್ಯೆ, ಮಡಿಕೇರಿ)

ಕೊಟ್ಟಿಗೆಯಲ್ಲಿದ್ದ ಹಳೆಯ ಗಂಡು ಆ ಹೆಣ್ಣುಮರಿಗಳ ತಂದೆಯೇ ಇರಬೇಕಲ್ಲವೇ? ಹಾಗಿದ್ದರೆ ಈಗ ಹುಟ್ಟಿರುವ ಮರಿಗಳ ಅಂತಃಸಂವರ್ಧನೆಯ (ಹತ್ತಿರದ ರಕ್ತಸಂಬಂಧಿಗಳ ಕೂಡಿಕೆಯ) ಪ್ರಮಾಣ ಶೇ. 25. ಅಡಗಿದ್ದ ದೋಷಗಳು ಇಂತಹ ಕೂಡಿಕೆಯಲ್ಲಿ ಹೊರಬೀಳುವುದರಿಂದ ಕೆಲವು ಭ್ರೂಣಗಳು ಗರ್ಭದಲ್ಲೇ ಕರಗಿಹೋಗುತ್ತವೆ. ಸಂತಾನೋತ್ಪತ್ತಿಯ ಗುಣಗಳಿಗೆ ಇದರ ಪೆಟ್ಟು ಎಲ್ಲಕ್ಕಿಂತ ಹೆಚ್ಚು. ಈ ಸೂಲಿನ ಒಂದು ಮರಿಯನ್ನೂ ತಳಿಗೆ ಇಟ್ಟುಕೊಳ್ಳಬೇಡಿ.

ಅದೇ ಕಾರಣಕ್ಕೆ ಬೇರೆ ತಳಿಯ ಗಂಡು ತಂದರೆ, ಉದಾಹರಣೆಗೆ ಲ್ಯಾಂಡ್‌ರೇಸ್, ಅದರಿಂದ ಹುಟ್ಟುವ ಮಿಶ್ರತಳಿ ಹೆಣ್ಣುಗಳು ಹೆಚ್ಚು ಮರಿ ಹಾಕುವುದಲ್ಲದೆ ಚೆನ್ನಾಗಿ ಸಾಕುತ್ತವೆ. ಸಂಖ್ಯೆಯೊಂದನ್ನೇ ಬೆನ್ನಟ್ಟುವುದೂ ಒಳ್ಳೆಯದಲ್ಲ. ಡೆನ್ಮಾರ್ಕ್‌ನವರು ಹುಟ್ಟಿದ ಮರಿಗಳ ಸಂಖ್ಯೆಯನ್ನು ಆಧರಿಸಿ ಆಯ್ಕೆ ಮಾಡುತ್ತ ಹೋದಾಗ ಸಾಯುವ ಮರಿಗಳೂ ಹೆಚ್ಚಿದವು. 2004ರಿಂದ ಐದನೆಯ ದಿನ ಬದುಕಿರುವ ಮರಿಗಳನ್ನು ಲೆಕ್ಕಕ್ಕೆ ಹಿಡಿದರು. ಮೊಲೆತೊಟ್ಟುಗಳ ಸಂಖ್ಯೆ ಮರಿಗಳ ಸಂಖ್ಯೆಗಿಂತ ಬಲವಾಗಿ ವಂಶದಲ್ಲಿ ಇಳಿದು ಬರುವ ಗುಣ, ಹುಟ್ಟಿದ ದಿನವೇ ಎಣಿಸಬಹುದು. ಗಂಡು ತರುವಾಗ ಅದರದ್ದನ್ನೂ ಎಣಿಸಿ, ಹೆಣ್ಣುಮಕ್ಕಳಿಗೆ ಅರ್ಧ ಪಾಲು ಅದರಿಂದಲೇ ಬರುತ್ತದೆ.

ಪ್ರಶ್ನೆ ಕೇಳಿದವರು

ಹೌದು ಮೇಡಂ, ಅದೇ ತಂದೆ. ಬರೆಯುವಾಗ ಅದು ಮುಖ್ಯವೆಂದು ನನಗೆ ತೋಚಲಿಲ್ಲ. ಸಂಜೆ ಮೇವು ಹಾಕುವಾಗ ಎರಡೂ ಹೆಣ್ಣುಗಳ ತೊಟ್ಟು ಎಣಿಸಿದೆ. ಒಂದಕ್ಕೆ 14 ಇವೆ, ಎಲ್ಲವೂ ಸರಿಯಾಗಿವೆ. ಇನ್ನೊಂದಕ್ಕೆ 12, ಅದರಲ್ಲಿ ಎರಡು ಒಳಕ್ಕೆ ಮಡಚಿಕೊಂಡಿವೆ. ಮೊದಲನೆಯದನ್ನು ಇಟ್ಟುಕೊಂಡು ಮುಂದಿನ ಬೆದೆಯೊಳಗೆ ಲ್ಯಾಂಡ್‌ರೇಸ್ ಗಂಡು ತರುತ್ತೇನೆ.