ಪದಚರ್ಚೆ: ಸಿಬಿಲ್ ವರದಿಯ ‘ಸೆಟಲ್ಡ್’, ‘ರೈಟ್ ಆಫ್’ ಇವಕ್ಕೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಸಿಬಿಲ್ ವರದಿಯನ್ನು, ಅಂದರೆ ನಾವು ಸಾಲ ಹೇಗೆ ಕಟ್ಟಿದ್ದೇವೆ ಅಂತ ಬ್ಯಾಂಕುಗಳು ತರಿಸಿ ನೋಡುವ ದಾಖಲೆಯನ್ನು, ಓದುವುದು ಹೇಗೆ, ಕೇಳಿದ ಸಾಲ ಯಾಕೆ ಸಿಗಲಿಲ್ಲ ಅಂತ ತಿಳಿಯುವುದು ಹೇಗೆ ಎಂದು ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಸ್ವಸಹಾಯ ಸಂಘದ ಹೆಂಗಸರು, ಸಣ್ಣ ಅಂಗಡಿಯವರು, ಆಟೊ ಓಡಿಸುವವರು ತಾವೇ ಓದಿಕೊಳ್ಳುವಂತಿರಬೇಕು ಅನ್ನುವುದು ಆಸೆ. ನಾನು ಬಹಳ ಕಾಲ ಪತ್ತಿನ ಸಹಕಾರ ಸಂಘದಲ್ಲಿ ಲೆಕ್ಕ ಬರೆದವನು. ಸಾಲದ ಮಾತುಗಳಿಗೆ ಕನ್ನಡದಲ್ಲಿ ಬಡತನವಿಲ್ಲ ಅಂತ ಬಲ್ಲೆ. ಆದರೂ ಎರಡು ಕಡೆ ಕೈ ನಿಂತಿದೆ. ಒಂದು ‘ಸೆಟಲ್ಡ್’, ಇನ್ನೊಂದು ‘ರೈಟ್ ಆಫ್’. ಸಾಲದ ಅರ್ಜಿಗಳನ್ನು ಹೆಚ್ಚು ಕೆಡಿಸುವ ಮಾತುಗಳ ಪೈಕಿ ಇವೆರಡೂ ಇವೆ. ಜನ ತಪ್ಪಾಗಿ ತಿಳಿಯುವುದೂ ಇವನ್ನೇ.

ಮೊದಲು ‘ಸೆಟಲ್ಡ್’. ನಮ್ಮ ಮಾತಿನಲ್ಲಿ ‘ಸೆಟಲ್’ ಒಳ್ಳೆಯ ಪದ. ಮಗಳು ಮೈಸೂರಲ್ಲಿ ಸೆಟಲ್ ಆದಳು. ಜಗಳ ಸೆಟಲ್ ಆಯ್ತು. ಲೆಕ್ಕ ಸೆಟಲ್ ಮಾಡಿದೆ. ಎಲ್ಲ ಕಡೆಯೂ ನೆಮ್ಮದಿಯ ಅರ್ಥವೇ. ವರದಿಯಲ್ಲಿ ಅದಕ್ಕಿರುವ ಅರ್ಥವೇ ಬೇರೆ. ಒಬ್ಬರು ಕ್ರೆಡಿಟ್ ಕಾರ್ಡಿನ 1 ಲಕ್ಷ ರೂಪಾಯಿ ಬಾಕಿ ಕಟ್ಟಲಾಗದೆ ಕೂತಿದ್ದಾರೆ ಅನ್ನಿ. ವಸೂಲಿಯವರು ಫೋನ್ ಮಾಡಿ ‘60 ಸಾವಿರ ಕೊಟ್ಟುಬಿಡಿ, ಸೆಟಲ್ ಮಾಡಿಕೊಡ್ತೇವೆ’ ಅನ್ನುತ್ತಾರೆ. ಇವರು ಒಡವೆ ಅಡ ಇಟ್ಟು ಕಟ್ಟುತ್ತಾರೆ. ಪತ್ರವೂ ಕೈಗೆ ಬರುತ್ತದೆ. ಇನ್ನು ಯಾರ ಹಂಗೂ ಇಲ್ಲ ಅಂದುಕೊಳ್ಳುತ್ತಾರೆ. ವರದಿಯಲ್ಲಿ ಆ ಖಾತೆಯ ಮುಂದೆ ‘ಸೆಟಲ್ಡ್’ ಅಂತ ಕೂರುತ್ತದೆ. ಆಮೇಲೆ ಮನೆ ಸಾಲಕ್ಕೆ ಹೋದಾಗ ಹೊಸ ಬ್ಯಾಂಕು ಅದನ್ನು ಓದುವ ಬಗೆ ಹೀಗೆ: ಇವರು ಪೂರ್ತಿ ಕಟ್ಟಿಲ್ಲ, ಸಾಲ ಕೊಟ್ಟವರು 40 ಸಾವಿರ ಕಳೆದುಕೊಂಡಿದ್ದಾರೆ. ಅರ್ಜಿ ನಾಮಂಜೂರು.

ಇದನ್ನು ಕನ್ನಡಕ್ಕೆ ತರುವಾಗ ‘ಇತ್ಯರ್ಥವಾಗಿದೆ’ ಅಂದರೆ ಅದೇ ನೆಮ್ಮದಿ ಮತ್ತೆ ಒಳಗೆ ಬರುತ್ತದೆ. ‘ತೀರಿದೆ’ ಅಂದರಂತೂ ಸುಳ್ಳೇ ಆಗುತ್ತದೆ. ಸಹಕಾರ ಸಂಘಗಳಲ್ಲಿ ‘ಒಂದು ಬಾರಿ ತೀರುವಳಿ’ ಅನ್ನುವ ಮಾತು ರೂಢಿಯಲ್ಲಿದೆ. ಅದರಲ್ಲೂ ಕಡಿಮೆ ಕಟ್ಟಿದ ಸಂಗತಿ ಕಾಣುವುದಿಲ್ಲ. ನನಗೆ ಸದ್ಯಕ್ಕೆ ತೋಚಿರುವುದು ‘ರಾಜಿ ತೀರುವಳಿ’. ರಾಜಿ ಅಂದ ಕೂಡಲೇ ಎರಡೂ ಕಡೆಯವರು ಏನೋ ಬಿಟ್ಟುಕೊಟ್ಟಿದ್ದಾರೆ ಅಂತ ಕೇಳಿದವರಿಗೆ ಗೊತ್ತಾಗುತ್ತದೆ. ಪೂರ್ತಿ ಕಟ್ಟಿ ಮುಗಿಸಿದ ಖಾತೆಗೆ ವರದಿಯಲ್ಲಿ ‘ಕ್ಲೋಸ್ಡ್’ ಅಂತ ಇರುತ್ತದೆ. ಅದಕ್ಕೆ ನಮ್ಮ ಹಳೆಯ ‘ಚುಕ್ತಾ’ ಚೆನ್ನಾಗಿ ಒಪ್ಪುತ್ತದೆ. ಚುಕ್ತಾ ಬೇರೆ, ರಾಜಿ ಬೇರೆ ಅನ್ನುವುದನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ, ಅಲ್ವಾ? ಉಳಿದ ಹಣವನ್ನೂ ಕಟ್ಟಿ ಬೇಬಾಕಿ ಪತ್ರ (ಬಾಕಿ ಏನೂ ಇಲ್ಲ ಅನ್ನುವ ಪತ್ರ) ಪಡೆದರೆ, ಬ್ಯಾಂಕಿನಿಂದಲೇ ವರದಿಯಲ್ಲಿ ‘ಸೆಟಲ್ಡ್’ ತೆಗೆಸಿ ‘ಕ್ಲೋಸ್ಡ್’ ಮಾಡಿಸಬಹುದು. ಇದು ತುಂಬ ಜನರಿಗೆ ಗೊತ್ತಿಲ್ಲ. ಸೆಟಲ್ ಆಯ್ತು ಅಂದುಕೊಂಡವರು ಬಾಕಿ ಉಳಿದಿದೆಯಾ ಅಂತ ಯಾಕೆ ಕೇಳುತ್ತಾರೆ?

ಎರಡನೆಯದು ‘ರೈಟ್ ಆಫ್’. ಇಲ್ಲಿ ನಮ್ಮ ಪತ್ರಿಕೆಗಳ ಮೇಲೆ ನನಗೆ ಬೇಸರವಿದೆ. ಬ್ಯಾಂಕುಗಳು ಇಷ್ಟು ಕೋಟಿ ಸಾಲ ‘ಮನ್ನಾ’ ಮಾಡಿದವು ಅಂತ ತಲೆಬರಹ ಬರುತ್ತಲೇ ಇರುತ್ತದೆ. ಕರ್ನಾಟಕದವರಿಗೆ ಮನ್ನಾ ಅಂದರೆ ಏನು ಅಂತ ಅನುಭವದಿಂದಲೇ ಗೊತ್ತು. 2017ರಲ್ಲಿ ಸಹಕಾರ ಸಂಘಗಳಲ್ಲಿದ್ದ ರೈತರ ಸಾಲದಲ್ಲಿ 50 ಸಾವಿರ ರೂಪಾಯಿವರೆಗೆ ಮನ್ನಾ ಆಯಿತು. 2018ರಲ್ಲಿ ಬೆಳೆಸಾಲ ಮನ್ನಾ ಬಂತು. ಅಲ್ಲಿ ರೈತರ ಬದಲು ಸರ್ಕಾರ ಹಣ ಕಟ್ಟುತ್ತದೆ, ಮನ್ನಾ ಆದಷ್ಟು ಹಣ ರೈತರ ಹೆಗಲಿಂದ ಇಳಿಯುತ್ತದೆ. ರೈಟ್ ಆಫ್‌ನಲ್ಲಿ ಹಾಗಾಗುವುದಿಲ್ಲ. ಬರುವ ಆಸೆ ಕಡಿಮೆ ಅಂತ ಬ್ಯಾಂಕು ಆ ಸಾಲವನ್ನು ತನ್ನ ಲೆಕ್ಕದ ಪುಸ್ತಕದಿಂದ ತೆಗೆಯುತ್ತದೆ. ತನ್ನ ಲಾಭದಲ್ಲಿ ನಷ್ಟ ತೋರಿಸಿಕೊಳ್ಳುತ್ತದೆ. ಸಾಲಗಾರರ ಹೊಣೆ ಹಾಗೇ ಉಳಿಯುತ್ತದೆ. ವಸೂಲಿಯೂ ನಡೆಯುತ್ತದೆ, ನ್ಯಾಯಾಲಯಕ್ಕೂ ಹೋಗಬಹುದು. ರೈಟ್ ಆಫ್ ಅಂದರೆ ಸಾಲಗಾರರ ಹೊಣೆ ಮನ್ನಾ ಆದಂತಲ್ಲ ಅಂತ ಹಣಕಾಸು ಸಚಿವಾಲಯ ಸಂಸತ್ತಿನಲ್ಲಿ ಮತ್ತೆ ಮತ್ತೆ ಹೇಳಿದೆ. ಹೀಗಿದ್ದೂ ‘ಮನ್ನಾ’ ಅಂತ ಬರೆದರೆ, ವರದಿ ಹಿಡಿದವರು ‘ನನ್ನ ಸಾಲ ಮನ್ನಾ ಆಗಿದೆ, ಮತ್ಯಾಕೆ ಕೊಡಲ್ಲ?’ ಅಂತ ಕೇಳುತ್ತಾರೆ. ಅವರ ಪ್ರಶ್ನೆಯಲ್ಲಿ ತಪ್ಪಿಲ್ಲ. ನಾವು ಕೊಟ್ಟ ಪದದಲ್ಲಿದೆ ತಪ್ಪು.

‘ವಜಾ’ ಹಾಕೋಣ ಅಂದರೆ ಅದು ಕೆಲಸದಿಂದ ತೆಗೆಯುವುದಕ್ಕೆ, ಮೊಕದ್ದಮೆ ತಳ್ಳಿಹಾಕುವುದಕ್ಕೆ ಅಂಟಿಕೊಂಡಿದೆ. ‘ಕೈಬಿಟ್ಟ ಸಾಲ’ ಅಂದರೆ ಮತ್ತೆ ಬಿಟ್ಟುಬಿಟ್ಟರು ಅನ್ನುವ ಅರ್ಥವೇ. ‘ಲೆಕ್ಕ ತೆಗೆದ ಬಾಕಿ’ ಅಂತ ಒಂದು ಬರೆದು ನೋಡಿದೆ. ‘ಬಾಕಿ’ ಕೊನೆಯಲ್ಲಿ ಉಳಿದಿರುವುದರಿಂದ ಹಣ ಇನ್ನೂ ಕಟ್ಟಬೇಕು ಅನ್ನುವುದು ಕಾಣುತ್ತದೆ. ಆದರೆ ಕಿವಿಗೆ ಅಷ್ಟು ಹಿತವಾಗಿಲ್ಲ. ಇದಕ್ಕಿಂತ ಒಳ್ಳೆಯದು ಯಾರಿಗಾದರೂ ಗೊತ್ತಾ?

ಈ ಎರಡಕ್ಕೇ ಮುಗಿಯುವುದಿಲ್ಲ. ವರದಿಯ ಉಳಿದ ಮಾತುಗಳ ಬಗ್ಗೆಯೂ ನನ್ನ ನಿಲುವು ಹೇಳುತ್ತೇನೆ, ಒಪ್ಪದಿದ್ದರೆ ತಿದ್ದಿ.

‘ಡೀಫಾಲ್ಟ್’, ಅಂದರೆ ಹೇಳಿದ ದಿನಕ್ಕೆ ಸಾಲ ಕಟ್ಟದೆ ತಪ್ಪುವುದಕ್ಕೆ ನಮ್ಮಲ್ಲಿ ‘ಸುಸ್ತಿ’ ಇದೆ. ಸುಸ್ತಿದಾರ, ಸುಸ್ತಿ ಬಡ್ಡಿ ಎಲ್ಲ ಸಹಕಾರ ಸಂಘದ ನೋಟಿಸಿನಲ್ಲಿ ದಿನವೂ ಓಡಾಡುವ ಮಾತುಗಳು. ಪಾರ್ಸಿಯಲ್ಲಿ ಸಡಿಲ, ನಿಧಾನ ಅನ್ನುವ ಅರ್ಥದ ಪದದಿಂದ ಬಂದದ್ದು. ದಣಿವಿನ ‘ಸುಸ್ತು’ ಕೂಡ ಅದೇ ಬಳ್ಳಿಯದು. ಇಷ್ಟು ಒಳ್ಳೆಯ ಪದ ಇರುವಾಗ ಸಾಲದ ಆ್ಯಪುಗಳ ಯಂತ್ರಾನುವಾದದಲ್ಲಿ ‘ಪೂರ್ವನಿಯೋಜಿತ’ ಅಂತ ಬರುವುದನ್ನು ನೋಡಿದರೆ ಸಂಕಟವಾಗುತ್ತದೆ. ಅದು ಕಂಪ್ಯೂಟರಿನ ಡೀಫಾಲ್ಟ್, ಸಾಲದ್ದಲ್ಲ.

‘ಅನುತ್ಪಾದಕ ಆಸ್ತಿ’ ಇನ್ನೊಂದು. 90 ದಿನಕ್ಕಿಂತ ಹೆಚ್ಚು ಕಂತು ತಪ್ಪಿದ ಸಾಲಕ್ಕೆ ಬ್ಯಾಂಕಿನವರು ಇಡುವ ಹೆಸರು. ಹಳ್ಳಿಯಲ್ಲಿ ಆಸ್ತಿ ಅಂದರೆ ಹೊಲ, ಮನೆ. ‘ನಿಮ್ಮ ಖಾತೆ ಅನುತ್ಪಾದಕ ಆಸ್ತಿಯಾಗಿದೆ’ ಅಂತ ಓದಿದ ಹೆಂಗಸೊಬ್ಬರು ತಮ್ಮ ಹೊಲದಲ್ಲಿ ಬೆಳೆ ಬರುತ್ತಿಲ್ಲ ಅಂತ ಬ್ಯಾಂಕಿನವರು ಬರೆದಿದ್ದಾರಾ ಅಂತ ನನ್ನನ್ನು ಕೇಳಿದ್ದರು. ಆ ಆಸ್ತಿ ಬ್ಯಾಂಕಿನದು, ಅಂದರೆ ಬ್ಯಾಂಕಿಗೆ ಬರಬೇಕಾದ ಹಣ. ಓದುವವರ ಕಡೆಯಿಂದ ನೋಡಿದರೆ ‘ಕೆಟ್ಟ ಸಾಲ’ ಅಥವಾ ‘ನಿಂತುಹೋದ ಸಾಲ’ ಸಾಕು. ‘ಅಸುರಕ್ಷಿತ ಸಾಲ’ವೂ ಇದೇ ಜಾತಿಯ ತೊಂದರೆ. ಅಪಾಯದ ಸಾಲ ಅಂತ ಓದುತ್ತಾರೆ. ಅಡವಿಲ್ಲದ ಸಾಲ ಅಂದರೆ ಆಯಿತಲ್ಲ.

‘ಎನ್‌ಕ್ವೈರಿ’ಗೆ ‘ವಿಚಾರಣೆ’ ದಯವಿಟ್ಟು ಬೇಡ. ‘ನಿಮ್ಮ ಮೇಲೆ 6 ವಿಚಾರಣೆಗಳಿವೆ’ ಅಂದರೆ ಪೊಲೀಸ್ ಠಾಣೆ ನೆನಪಾಗುತ್ತದೆ. ನಡೆದದ್ದು ಇಷ್ಟೇ: ಇವರು ಸಾಲ ಕೇಳಿದಾಗಲೆಲ್ಲ ಆಯಾ ಬ್ಯಾಂಕು ಇವರ ವರದಿ ತರಿಸಿ ನೋಡಿದೆ. ನಾನು ‘ವರದಿ ತರಿಸಿದ್ದು’ ಅಂತ ಬರೆದಿದ್ದೇನೆ. ಇದನ್ನು ಬಿಡಿಸಿ ಹೇಳಲೇಬೇಕು, ಯಾಕೆಂದರೆ ಒಂದು ಕಡೆ ಇಲ್ಲ ಅಂದರೆಂದು ಜನ ಅದೇ ವಾರ ನಾಲ್ಕು ಆ್ಯಪಿನಲ್ಲಿ ಅರ್ಜಿ ಹಾಕುತ್ತಾರೆ. ಒಂದೊಂದು ಅರ್ಜಿಯೂ ವರದಿಯಲ್ಲಿ ಕೂರುತ್ತದೆ. ಐದನೆಯವರು ಅದನ್ನು ನೋಡಿ, ಇವರಿಗೆ ಹಣದ ಮುಗ್ಗಟ್ಟು ಜೋರಾಗಿದೆ ಅಂತ ಹಿಂದೆ ಸರಿಯುತ್ತಾರೆ. ನಮ್ಮ ವರದಿಯನ್ನು ನಾವೇ ತೆಗೆದು ನೋಡಿದರೆ ಅದರಲ್ಲಿರುವ ಅಂಕ (ಸ್ಕೋರ್) ಇಳಿಯುವುದಿಲ್ಲ. ಇದನ್ನು ದಪ್ಪ ಅಕ್ಷರದಲ್ಲಿ ಹಾಕಿದ್ದೇನೆ, ಏಕೆಂದರೆ ಆ ಹೆದರಿಕೆಗೇ ಎಷ್ಟೋ ಜನ ವರದಿ ಮುಟ್ಟುವುದಿಲ್ಲ.

ವರದಿಯಲ್ಲಿ ಒಂದೊಂದು ತಿಂಗಳಿಗೂ ಇರುವ ಚೌಕದಲ್ಲಿ ಬರುವ ‘000’ ಅಂದರೆ ಕಂತು ತಡವಾಗಿಲ್ಲ ಅಂತ. ‘030’ ಅಂದರೆ 30 ದಿನ ತಡ. ‘ಎಕ್ಸ್ಎಕ್ಸ್ಎಕ್ಸ್’ ಅಂತ ಕಂಡರೆ ತಪ್ಪು ಗುರುತು ಹಾಕಿದ್ದಾರೆ ಅಂತ ಗಾಬರಿಯಾಗುತ್ತಾರೆ. ಆ ತಿಂಗಳ ಮಾಹಿತಿಯನ್ನು ಬ್ಯಾಂಕು ಕಳಿಸಿಲ್ಲ ಅಂತ ಅಷ್ಟೇ. ಇಲ್ಲಿ ಪದದ ಸಮಸ್ಯೆ ಇಲ್ಲ, ಬಿಡಿ.

‘ಸಿಬಿಲ್’ ಅನ್ನುವುದೇ ಈಗ ಕನ್ನಡದ ಪದವಾಗಿಬಿಟ್ಟಿದೆ. ‘ಸಿಬಿಲ್ ಬಿದ್ದಿದೆ’, ‘ಸಿಬಿಲ್ ಹಾಳಾಗಿದೆ’ ಅನ್ನುತ್ತಾರೆ. ಅದು 2000ದಲ್ಲಿ ಶುರುವಾದ ಒಂದು ಕಂಪನಿಯ ಹೆಸರು. ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಅಂತ ಇನ್ನೂ ಮೂರಿವೆ. ನಾಲ್ಕೂ ಸಾಲದ ಮಾಹಿತಿ ಕಂಪನಿಗಳ 2005ರ ಕಾಯ್ದೆಯ ಕೆಳಗೆ ರಿಸರ್ವ್ ಬ್ಯಾಂಕಿನ ಹಿಡಿತದಲ್ಲಿ ಕೆಲಸ ಮಾಡುತ್ತವೆ. ಪದ ಬಳಸಲಿ, ನನಗೆ ತಕರಾರಿಲ್ಲ. ಆದರೆ ‘ಸಿಬಿಲ್‌ನವರು ಸಾಲ ಬೇಡ ಅಂದರು’ ಅನ್ನುವ ಮಾತು ಮಾತ್ರ ನಿಲ್ಲಬೇಕು. ಆ ಕಂಪನಿ ಬ್ಯಾಂಕುಗಳು ಕಳಿಸಿದ್ದನ್ನು ಸೇರಿಸಿಟ್ಟು 300ರಿಂದ 900ರೊಳಗೆ ಒಂದು ಅಂಕ ಕೊಡುತ್ತದೆ. ಸಾಲ ಕೊಡುವುದು ಬಿಡುವುದು ಬ್ಯಾಂಕಿನ ತೀರ್ಮಾನ. ಒಂದು ಬ್ಯಾಂಕು ಬೇಡ ಅಂದ ಅರ್ಜಿಯನ್ನು ಇನ್ನೊಂದು ಮಂಜೂರು ಮಾಡಬಹುದು. ‘ಕಪ್ಪುಪಟ್ಟಿ’ ಅನ್ನುವುದೂ ಹೀಗೇ. ನಮ್ಮಂಥ ಸಾಮಾನ್ಯ ಸಾಲಗಾರರಲ್ಲಿ ಇಂಥವರಿಗೆ ಸಾಲ ಕೊಡಬಾರದು ಅಂತ ಹೆಸರು ಬರೆದಿಟ್ಟ ಪಟ್ಟಿ ಈ ಕಂಪನಿಗಳಲ್ಲಿ ಇಲ್ಲ.

‘ಸಿಬಿಲ್ ಇಲ್ಲ’ ಅನ್ನುವ ಮಾತಿಗೆ ಎರಡು ಅರ್ಥ ಇರುವುದೂ ತೊಡಕು. ಅಂಕ ಕಡಿಮೆ ಅಂತಲೂ ಹೇಳುತ್ತಾರೆ, ಸಾಲವನ್ನೇ ಮಾಡದೆ ದಾಖಲೆ ಇಲ್ಲ ಅಂತಲೂ ಹೇಳುತ್ತಾರೆ. ಎರಡನೆಯವರದು ತಪ್ಪೇನೂ ಇಲ್ಲ. ಹಿಂದೆ ಸಾಲ ಮಾಡಿಲ್ಲ ಅನ್ನುವ ಒಂದೇ ಕಾರಣಕ್ಕೆ ಮೊದಲ ಸಲ ಕೇಳಿದವರ ಅರ್ಜಿ ತಳ್ಳಬಾರದು ಅಂತ ರಿಸರ್ವ್ ಬ್ಯಾಂಕ್ 2025ರ ಜನವರಿಯಲ್ಲಿ ಬ್ಯಾಂಕುಗಳಿಗೆ ಹೇಳಿದೆ. ಇವರಿಗೆ ‘ಹೊಸ ಸಾಲಗಾರರು’ ಅಂತ ಬೇರೆ ಹೆಸರೇ ಇರಲಿ ಅನ್ನುತ್ತೇನೆ.

‘ಕುಟುಂಬ’ ಅನ್ನುವ ಸಾದಾ ಪದವೂ ಮೈಕ್ರೋಫೈನಾನ್ಸಿನಲ್ಲಿ ಕಾಡುತ್ತದೆ. ರಿಸರ್ವ್ ಬ್ಯಾಂಕಿನ 2022ರ ನಿಯಮದ ಪ್ರಕಾರ ಮನೆಯ ಎಲ್ಲ ಸಾಲಗಳ ತಿಂಗಳ ಕಂತು ಸೇರಿ ಆ ಕುಟುಂಬದ ತಿಂಗಳ ವರಮಾನದ ಅರ್ಧ ದಾಟಬಾರದು. ಅಲ್ಲಿ ಕುಟುಂಬ ಅಂದರೆ ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು. ನಮ್ಮೂರುಗಳಲ್ಲಿ ಕುಟುಂಬ ಅಂದರೆ ಅತ್ತೆ, ಮಾವ, ಮೈದುನ ಎಲ್ಲರೂ. ‘ನನ್ನ ಕಂತು ಒಂದೂ ತಪ್ಪಿಲ್ಲ, ಯಾಕೆ ಕೊಡಲಿಲ್ಲ?’ ಅಂತ ಕೇಳುವ ಹೆಂಗಸಿಗೆ, ಗಂಡನ ಬೈಕಿನ ಸಾಲವೂ ಲೆಕ್ಕಕ್ಕೆ ಬಂದಿದೆ ಅಂತ ಯಾರೂ ಹೇಳಿರುವುದಿಲ್ಲ. ‘ಜಾಮೀನು’ ಕೂಡ ಹಾಗೆಯೇ. ಸುಮ್ನೆ ಒಂದು ಸಹಿ ಅಂದುಕೊಂಡು ಹಾಕಿರುತ್ತಾರೆ. ಸಾಲ ಪಡೆದವರು ತಪ್ಪಿದರೆ ಜಾಮೀನುದಾರರ ವರದಿಯಲ್ಲೂ ಅದು ಕಾಣುತ್ತದೆ.

‘ಡಿಸ್ಪ್ಯೂಟ್’ಗೆ ‘ವಿವಾದ’ ಬೇಡ, ಕಂದಾಯ ಇಲಾಖೆಯಲ್ಲಿ ಎಲ್ಲರಿಗೂ ಗೊತ್ತಿರುವ ‘ತಕರಾರು ಅರ್ಜಿ’ ಇರಲಿ. ಒಂದೇ ಹೆಸರಿನ ಬೇರೆ ಯಾರದೋ ಸಾಲ ಸೇರಿಕೊಂಡಿದ್ದರೆ, ಕಟ್ಟಿ ಮುಗಿಸಿದ್ದು ಇನ್ನೂ ಬಾಕಿ ಅಂತ ತೋರಿಸುತ್ತಿದ್ದರೆ ತಕರಾರು ಹಾಕಬೇಕು. 30 ದಿನದೊಳಗೆ ಪರಿಹರಿಸದಿದ್ದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮವಿದೆ. ನಾಲ್ಕೂ ಕಂಪನಿಗಳಿಂದ ವರ್ಷಕ್ಕೊಮ್ಮೆ ಪೂರ್ತಿ ವರದಿ ಪುಕ್ಕಟೆ ಸಿಗುತ್ತದೆ, ದುಡ್ಡು ಕೊಟ್ಟು ತರಿಸಬೇಕಿಲ್ಲ.

ಇನ್ನು ವರದಿಯ ಹೆಸರು. ‘ಸಾಲದ ಜಾತಕ’ ಅಂತ ಕೆಲವರು ಬರೆಯುತ್ತಾರೆ. ನನಗೆ ಒಪ್ಪಿಗೆಯಿಲ್ಲ. ಜಾತಕ ಹುಟ್ಟಿನಿಂದ ಬಂದದ್ದು, ತಿದ್ದಲಾಗದ್ದು. ಇದು ನಾವು ಕಟ್ಟಿದ ಕಂತುಗಳಿಂದಲೇ ತಿಂಗಳು ತಿಂಗಳು ಬದಲಾಗುವಂಥದ್ದು. ನನ್ನ ಮನಸ್ಸು ‘ಪತ್ತು’ ಕಡೆಗಿದೆ. 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದಲ್ಲೇ ಮೊದಲನೆಯದು ಅಂತ ಹೇಳುವ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಅಂದಿನಿಂದ ಈ ಪದ ಊರೂರಿನ ಸಂಘದ ಬೋರ್ಡಿನ ಮೇಲಿದೆ. ಮರಾಠಿಯಲ್ಲಿ ‘ಪತ’ ಅಂದರೆ ನಂಬಿಕೆ, ಸಾಲ ಕೊಡಬಹುದಾದ ಹೆಸರು. ಕ್ರೆಡಿಟ್ ಅನ್ನುವುದಕ್ಕೆ ಇದಕ್ಕಿಂತ ಹತ್ತಿರದ ಪದ ನಮ್ಮಲ್ಲಿ ಕಾಣೆ. ‘ಜಮಾ’ ಪಾಸ್‌ಬುಕ್ಕಿನ ಕ್ರೆಡಿಟ್, ಅದು ಬೇರೆ. ‘ಪತ್ತಿನ ವರದಿ’, ‘ಪತ್ತಿನ ಅಂಕ’ ಅಂತ ಬರೆದರೆ ಬೆಂಗಳೂರು, ಮೈಸೂರು ಕಡೆಯ ಹುಡುಗರಿಗೆ ತಿಳಿಯುತ್ತದಾ ಅನ್ನುವುದೊಂದೇ ಅನುಮಾನ. ಬ್ಯಾಂಕಿನಲ್ಲಿ, ಸಹಕಾರ ಇಲಾಖೆಯಲ್ಲಿ ಇರುವವರು, ಕಾಲೇಜಿನಲ್ಲಿ ವಾಣಿಜ್ಯ ಕಲಿಸುವವರು ನಿಮ್ಮ ಕಡೆ ಬಳಕೆ ಹೇಗಿದೆ ಅಂತ ತಿಳಿಸಿ.

ಬೆಳಗಾವಿ, ಕಲಬುರಗಿ, ಕರಾವಳಿಯವರಿಗೆ ಇನ್ನೊಂದು ಕೇಳಿಕೆ. ನಿಮ್ಮೂರಿನ ಅಂಗಡಿಯವರು ‘ಉಳಿದದ್ದು ಬಿಟ್ಟೆ, ಇನ್ಮೇಲೆ ನಿನಗೆ ಉದ್ದರಿ ಇಲ್ಲ’ ಅನ್ನುವುದಕ್ಕೆ ಒಂದೇ ಪದದಲ್ಲಿ ಏನನ್ನುತ್ತಾರೆ? ವರದಿಯ ‘ಸೆಟಲ್ಡ್’ಗೆ ಸರಿಯಾಗಿ ಕೂರುವ ಅರ್ಥ ಅದೇ. ಅಂಥ ಪದ ಬಳಕೆಯಲ್ಲಿದ್ದರೆ ನನ್ನ ‘ರಾಜಿ ತೀರುವಳಿ’ಯನ್ನು ತೆಗೆದು ಅದನ್ನೇ ಹಾಕುತ್ತೇನೆ.