ಎಕ್ಸೆಲ್‌ನಲ್ಲಿ ಎಲ್ಲಾ ಕ್ಯಾಪಿಟಲ್ ಇರೋ ವಿಳಾಸ ಸರಿ ಮಾಡೋದು ಹೇಗೆ?

ಪ್ರೆಸ್‌ಹುಡುಗ:
ನಮ್ದು ಸುಲ್ತಾನ್‌ಪೇಟೆಯಲ್ಲಿ ಮದುವೆ ಪತ್ರಿಕೆ ಪ್ರಿಂಟಿಂಗ್. ಗಿರಾಕಿಯೊಬ್ರು ಕವರ್ ಮೇಲೆ ಅಂಟಿಸೋ ಲೇಬಲ್‌ಗೆ ಎಕ್ಸೆಲ್ ಫೈಲ್ ಕಳ್ಸಿದ್ದಾರೆ. ಹೆಸರು, ವಿಳಾಸ ಪೂರ್ತಿ ಇಂಗ್ಲಿಷ್ ಕ್ಯಾಪಿಟಲ್ಲು. "ಮೊದಲ ಅಕ್ಷರ ಮಾತ್ರ ದೊಡ್ಡದಿರ್ಲಿ, ನೋಡೋಕೆ ಲಕ್ಷಣವಾಗಿರ್ಬೇಕು" ಅಂತಾರೆ. ವರ್ಡ್‌ನಲ್ಲಾದ್ರೆ ಶಿಫ್ಟ್ ಎಫ್3 ಸಾಕು. ಎಕ್ಸೆಲ್‌ನಲ್ಲಿ ಅದನ್ನ ಒತ್ತಿದ್ರೆ ಫಂಕ್ಷನ್ ಸೇರಿಸೋ ಬಾಕ್ಸ್ ತೆರ್ಕೊಳ್ಳತ್ತೆ. ಶುಕ್ರವಾರ ಡೆಲಿವರಿ. ಯಾರಾದ್ರೂ ಹೇಳಿ.

ಲೆಕ್ಕದಮೇಷ್ಟ್ರು:
ಎಕ್ಸೆಲ್‌ನಲ್ಲಿ ಅದಕ್ಕೆ ಬಟನ್ ಇಲ್ಲ, ಹುಡುಕ್ಬೇಡಿ. ಪಕ್ಕದ ಖಾಲಿ ಕಾಲಮ್‌ನಲ್ಲಿ =ಪ್ರಾಪರ್(ಎ2) ಅಂತ ಇಂಗ್ಲಿಷಲ್ಲಿ ಹಾಕಿ ಕೆಳಗೆ ಎಳೀರಿ. ಆ ಕಾಲಮ್ಮನ್ನ ಕಾಪಿ ಮಾಡಿ, ಪೇಸ್ಟ್ ಸ್ಪೆಷಲ್‌ನಲ್ಲಿ ವ್ಯಾಲ್ಯೂಸ್ ಆರಿಸಿ ಅಂಟಿಸಿ. ಅದಾದ ಮೇಲಷ್ಟೇ ಹಳೇದನ್ನ ಡಿಲೀಟ್ ಮಾಡಿ.

ಜಯನಗರದಕ್ಕ:
ಮೇಷ್ಟ್ರು ಹೇಳಿದ್ದು ಹೆಸರಿಗೆ ಸರಿ. ವಿಳಾಸಕ್ಕೆ ಅಷ್ಟೇ ಮಾಡಿ ಪ್ರಿಂಟ್ ಕೊಟ್ರೆ ಕಥೆ ಮುಗೀತು. ನಮ್ಮ ನಿವಾಸಿಗಳ ಸಂಘದ ಪಟ್ಟಿ ನೋಡ್ಕೊಳ್ಳೋದು ನಾನೇ, ಅದಕ್ಕೇ ಹೇಳ್ತಿದೀನಿ.

ಅಕ್ಷರ ಅಲ್ಲದ್ದು ಏನೇ ಬಂದ್ರೂ, ಅದರ ಮುಂದಿನ ಅಕ್ಷರ ಹೊಸ ಪದದ ಶುರು ಅಂದ್ಕೊಳ್ಳತ್ತೆ ಈ ಪ್ರಾಪರ್. ಹಾಗಾಗಿ ಫೋರ್ತ್ ಬ್ಲಾಕ್ ಅಂತ ಬರೆಯುವಾಗ 4ರ ಪಕ್ಕದ 'ಟಿ' ಕ್ಯಾಪಿಟಲ್ ಆಗಿ ಕೂರತ್ತೆ. ಎಚ್‌ಎಸ್‌ಆರ್, ಬಿಟಿಎಂ, ಜೆಪಿ ನಗರ, ಎಲ್ಲದರಲ್ಲೂ ಮೊದಲನೇದೊಂದು ದೊಡ್ಡದು, ಮಿಕ್ಕಿದ್ದು ಚಿಕ್ಕದು. ಬೆಂಗಳೂರಲ್ಲಿ ಇಂಥ ಏರಿಯಾ ಒಂದಾ ಎರಡಾ!

ಕಂಟ್ರೋಲ್ ಎಚ್ ಒತ್ತಿ, ಆಪ್ಷನ್ಸ್‌ನಲ್ಲಿ ಮ್ಯಾಚ್ ಕೇಸ್ ಟಿಕ್ ಮಾಡಿ, ಒಂದೊಂದನ್ನೇ ರಿಪ್ಲೇಸ್ ಮಾಡಿ. ಆದ್ರೆ ಥರ್ಡ್ ಕ್ರಾಸ್ ಸರಿ ಮಾಡೋಕೆ ಬರೀ 'ಆರ್‌ಡಿ' ಹುಡುಕಿದ್ರಿ ಅಂದ್ರೆ, ಬನ್ನೇರುಘಟ್ಟ ರೋಡನ್ನ ಚುಟುಕಾಗಿ ಬರೆದಿರೋ 'ಆರ್‌ಡಿ'ಯೂ ಚಿಕ್ಕದಾಗತ್ತೆ. ಮುಂದಿನ 3 ಸೇರಿಸಿಯೇ ಹುಡುಕಿ; 23, 33 ಎರಡೂ ಅದರಲ್ಲೇ ಸಿಗತ್ತೆ. ಫಸ್ಟ್ ಮೇನಿಗೂ 1 ಸೇರಿಸಿ, ಇಲ್ಲಾಂದ್ರೆ ಸೇಂಟ್ ಮಾರ್ಕ್ಸ್ ರೋಡಿನ 'ಎಸ್‌ಟಿ' ಕೆಡತ್ತೆ.

ಪ್ರೆಸ್‌ಹುಡುಗ:
ಅಕ್ಕಾ, ನೀವ್ ಹೇಳಿದ್ದು ನೂರಕ್ಕೆ ನೂರು! ರಾಜಾಜಿನಗರದ ಬ್ಲಾಕುಗಳೆಲ್ಲಾ ಹಾಗೇ ಬಂದಿತ್ತು. ಇನ್ನೊಂದು, ಇನಿಷಿಯಲ್ ಅಂಟಿಸಿ ಬರೆದಿರೋರದ್ದೇನ್ ಮಾಡ್ಲಿ? ಕೆಎನ್ ಅಂತಿದ್ರೆ 'ಎನ್' ಚಿಕ್ಕದಾಗ್ತಿದೆ.

ಜಯನಗರದಕ್ಕ:
ಅದಕ್ಕೆ ಫಾರ್ಮುಲಾ ನಂಬ್ಬೇಡಿ. ಹೆಸರಿನ ಕಾಲಮ್ಮನ್ನ ಸಾರ್ಟ್ ಮಾಡಿ, ಕಣ್ಣಲ್ಲೇ ನೋಡ್ತಾ ಕೈಯಲ್ಲೇ ತಿದ್ದಿ. ಸಾರ್ಟ್ ಮಾಡುವಾಗ ಪೂರ್ತಿ ಟೇಬಲ್ ಸೆಲೆಕ್ಟ್ ಆಗಿರ್ಲಿ, ಇಲ್ಲಾಂದ್ರೆ ಒಬ್ರ ಪತ್ರಿಕೆ ಇನ್ನೊಬ್ರ ಮನೆಗೆ ಹೋಗತ್ತೆ.